ಯಾರೂ ಹತ್ತದ ಸ್ಟಾಪು

ಹಾಸನದ ಆ ಇಂಜಿನಿಯರಿಂಗ್ ಕಾಲೇಜಿನ ಗಣಿತ ವಿಭಾಗದಲ್ಲಿ ಅವತ್ತು ಮೈಸೂರು ಪಾಕು ಹಂಚಿದರು. ಶಾಂತಿಯ ಪೇಪರು ಹೊರದೇಶದ ಜರ್ನಲ್ಲಿನಲ್ಲಿ ಬಂದಿತ್ತು. ಬಂದದ್ದಷ್ಟೇ ಅಲ್ಲ, ಬಸ್ ಡಿಪೋದವರು ಅದನ್ನೇ ಹಿಡಿದುಕೊಂಡು ಸೋಮವಾರದಿಂದ ಹೊಸ ವೇಳಾಪಟ್ಟಿ ಶುರು ಮಾಡುತ್ತೇವೆ ಎಂದಿದ್ದರು. ಪಿಎಚ್‌ಡಿಯ ಲೆಕ್ಕಗಳು ಸಾಧಾರಣವಾಗಿ ಬೀರುವಿನಲ್ಲಿ ಗೆದ್ದಲಿಗೆ ಊಟವಾಗುತ್ತವೆಯೇ ಹೊರತು ರಸ್ತೆಗೆ ಇಳಿಯುವುದಿಲ್ಲ. ಇವಳದು ಇಳಿದಿತ್ತು. ಗೈಡ್ ಚಂದ್ರಶೇಖರಯ್ಯನವರು ತಾವೇ ತಟ್ಟೆ ಹಿಡಿದು ಓಡಾಡುತ್ತಿದ್ದರು. ಸ್ವಂತ ಮಗಳ ಮದುವೆಯಲ್ಲೂ ಅವರು ಅಷ್ಟು ಓಡಾಡಿದ್ದನ್ನು ಕಂಡವರಿಲ್ಲ.

ಇರುವಷ್ಟೇ ಬಸ್ಸು, ಇರುವಷ್ಟೇ ಡೀಸೆಲ್ಲು. ಅದರಲ್ಲೇ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಕಡೆಯ ಜನ ಸ್ಟಾಪಿನಲ್ಲಿ ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಹೇಗೆ? ಶಾಂತಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಇದಕ್ಕೇ. ಕಂಡಕ್ಟರುಗಳ ಟಿಕೆಟ್ ಮಷೀನಿನಲ್ಲಿ ಯಾರು ಎಲ್ಲಿ ಹತ್ತಿದರು, ಎಲ್ಲಿಗೆ ಹೋದರು ಎಂಬುದೆಲ್ಲ ದಾಖಲಾಗಿರುತ್ತದೆ. ಅದನ್ನು ಅವಳ ಸಮೀಕರಣಗಳಿಗೆ ಉಣಿಸಿದರೆ, ಜನವಿಲ್ಲದ ಕಡೆಯಿಂದ ಬಸ್ಸು ತೆಗೆದು ಜನ ಜಾಸ್ತಿ ಇರುವ ಕಡೆ ಹಾಕುವ ದಾರಿ ಹೊಳೆಯುತ್ತಿತ್ತು. ದಂಡಿಗನಹಳ್ಳಿ ಕಡೆಯ ಕಾಲೇಜು ಹುಡುಗಿಯರು ಫುಟ್‌ಬೋರ್ಡಿನಲ್ಲಿ ನೇತಾಡುವುದು ಇನ್ನು ತಪ್ಪುತ್ತದೆ. ಅದು ಸಣ್ಣ ಮಾತಲ್ಲ.

ಬಸ್ಸು ತೆಗೆದ ಜಾಗಗಳಲ್ಲಿ ಒಂದು ಸಿದ್ಧಾರ್ಥ ನಗರ. ಕಟ್ಟಾಯದಿಂದ ಎರಡು ಮೈಲಿ ಒಳಗಿರುವ ಸಣ್ಣ ಊರು. ಅರಕಲಗೂಡಿನಿಂದ ಹಾಸನಕ್ಕೆ ಬರುವ ಬೆಳಗಿನ ಬಸ್ಸು ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿ, ಆ ಊರಿನ ಹೊಂಗೆಮರದ ಕೆಳಗೆ ನಿಂತು, ಆಮೇಲೆ ಕಟ್ಟಾಯಕ್ಕೆ ಬರುತ್ತಿತ್ತು. ಮಷೀನಿನ ಪ್ರಕಾರ ಆ ಮರದ ಕೆಳಗೆ ಹತ್ತುವವರೇ ಇಲ್ಲ. ಸುತ್ತು ತೆಗೆದರೆ ಹೊತ್ತು ಉಳಿಯುತ್ತದೆ, ಡೀಸೆಲ್ಲು ಉಳಿಯುತ್ತದೆ.

ಸಿದ್ಧಾರ್ಥ ನಗರ ಶಾಂತಿಯ ಸ್ವಂತ ಊರು. ವಿಭಾಗದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಯಾವೂರು ಎಂದು ಕೇಳಿದವರಿಗೆಲ್ಲ ಅವಳು ಕಟ್ಟಾಯ ಎನ್ನುತ್ತಿದ್ದಳು. ಕಟ್ಟಾಯ ಎಂದರೆ ಜನ ಅಲ್ಲಿಗೆ ಸುಮ್ಮನಾಗುತ್ತಾರೆ. ಸಿದ್ಧಾರ್ಥ ನಗರ ಎಂದರೆ ಓಹೋ ಎನ್ನುತ್ತಾರೆ, ಆ ಓಹೋ ಆದಮೇಲೆ ಮಾತಿನ ಧಾಟಿ ಬೇರೆಯಾಗುತ್ತದೆ.

ಕೈಯಲ್ಲಿದ್ದ ಮೈಸೂರು ಪಾಕನ್ನು ಅವಳಿನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ, ಫೋನು ಬಂತು. ಅವಳ ಅವ್ವ ಮಾರಮ್ಮ. ಹಾಸನದ ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸ.

"ಸಾಂತಿ, ನಮ್ಮೂರ್ಗೆ ಬಸ್ ನಿಲ್ಲುಸ್ಬುಡ್ತಾರಂತೆ ಕಣವ್ವ. ಸ್ವಾಮಾರದಿಂದ ಬರಲ್ವಂತೆ. ಕಂಡಕ್ಟ್ರು ಪುಟ್ರಾಜಣ್ಣ ಯೋಳ್ದ."

"ನಿಂಗ್ಯಾಕವ್ವ ಬಸ್ಸು? ನೀನು ಫ್ಯಾಕ್ಟ್ರಿ ವ್ಯಾನಲ್ಲಿ ಓಗದಲ್ವಾ?"

"ವ್ಯಾನು ನಿಂತು ವರ್ಸಾಯ್ತು. ಎಂಗುಸ್ರಿಗೆ ಬಸ್ಸು ಪುಕ್ಸಟ್ಟೆ ಆದ್ಮೇಲೆ ಅವ್ರ್ಯಾಕೆ ವ್ಯಾನ್ ಕಳುಸ್ತಾರೆ? ನಾವೆಲ್ಲಾ ಬಸ್ಸಲ್ಲೇ ಓಗದು."

"ನಾವೆಲ್ಲಾ ಅಂದ್ರೆ?"

"ಕೇರಿ ಎಂಗುಸ್ರೆಲ್ಲಾ ಕಣ್ ಮಗ. ನೀನು ಬಸ್ಸಿನ್ ಲೆಕ್ಕನೇ ಅಲ್ವಾ ಓದ್ತಿರದು? ಆಪೀಸರ್ಗೆ ಒಂದ್ ಮಾತ್ ಯೋಳವ್ವ. ನಮ್ ಸಾಂತಿ ಇರುವಾಗ ನಮ್ಗೇನ್ ಬಯ ಅಂತ ದೊಡ್ಡತಾಯಿ ಎಲ್ರಿಗೂ ಯೋಳ್ಕಂಡ್ ತಿರುಗ್ತಾವ್ಳೆ."

ಶಾಂತಿ ಆಯ್ತವ್ವ ಎಂದು ಫೋನು ಇಟ್ಟಳು. ಹೆಸರಿಟ್ಟವರು ಏನು ಕಂಡು ಶಾಂತಿ ಎಂದರೋ, ಹುಟ್ಟಿದಾಗಿನಿಂದ ಅವಳ ಕಾಲು ಒಂದು ಕಡೆ ನಿಂತದ್ದಿಲ್ಲ. ಅವತ್ತಂತೂ ಬಾಲ ಸುಟ್ಟ ಬೆಕ್ಕಿನ ಹಾಗೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ತಿರುಗಿದಳು. ಇಡೀ ಕೇರಿಯ ಹೆಂಗಸರು ಹತ್ತುವ ಸ್ಟಾಪಿನಲ್ಲಿ ಯಾರೂ ಹತ್ತುವುದಿಲ್ಲ ಎಂದರೆ ಸುಳ್ಳು ಹೇಳುತ್ತಿರುವುದು ಮಷೀನೋ ಅವ್ವನೋ? ಅವ್ವ ಸುಳ್ಳು ಹೇಳುವವಳಲ್ಲ. ಮಷೀನಿಗೆ ಸುಳ್ಳು ಹೇಳಲು ಬರುವುದಿಲ್ಲ.

ತಾನು ಹೋಗಿ ನೋಡಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕಡೆಯೆಲ್ಲ ಹೋಗಿದ್ದಳು. ಮಷೀನಿನ ಲೆಕ್ಕ ಸರಿಯೋ ಎಂದು ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ, ಚನ್ನರಾಯಪಟ್ಟಣದ ಕ್ರಾಸುಗಳಲ್ಲಿ ದಿನವಿಡೀ ನಿಂತು ತಲೆ ಎಣಿಸಿದ್ದಳು. ದಂಡಿಗನಹಳ್ಳಿಯಲ್ಲಿ ಬಿಸಿಲಿಗೆ ತಲೆಸುತ್ತು ಬಂದು, ಅಂಗಡಿಯವರು ಕರೆದು ಮಜ್ಜಿಗೆ ಕೊಟ್ಟಿದ್ದರು. ಸಿದ್ಧಾರ್ಥ ನಗರಕ್ಕೆ ಮಾತ್ರ ಹೋಗಲಿಲ್ಲ. ಅದು ಮರೆವಲ್ಲ, ಬೇಕೆಂದೇ ಬಿಟ್ಟದ್ದು. ಹಿಂದೊಮ್ಮೆ ಸೆಮಿನಾರಿನಲ್ಲಿ ಹಿಂದಿನ ಬೆಂಚಿನಿಂದ, ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಅವಳ ಹೆಸರು ಕಂಡಿದ್ದ ಯಾರೋ, "ನಿಮ್ಮ ಕಡೆಯವರ ಕಾಲೋನಿಗಳಿಗೆಲ್ಲ ಬಸ್ ಹಾಕಿಸ್ಕೊಳ್ಳೋ ಪ್ಲಾನಾ ಮೇಡಂ?" ಎಂದು ನಕ್ಕಿದ್ದರು. ಎಲ್ಲರೂ ನಕ್ಕರು, ಇವಳೂ ನಕ್ಕಳು. ಆ ನಗು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು. ಬಸ್ಸು ತೆಗೆಯಬೇಕಾದ ಊರುಗಳ ಪಟ್ಟಿಯಲ್ಲಿ ತನ್ನ ಊರಿನ ಹೆಸರು ಬಂದ ದಿನ, ನಮ್ಮೂರು ಎಂದು ಉಳಿಸಿದಳು ಎನ್ನಿಸಿಕೊಳ್ಳುವುದಕ್ಕಿಂತ ಮಷೀನು ಹೇಳಿದ ಹಾಗೆ ತೆಗೆದುಬಿಡುವುದೇ ಮೇಲು ಎಂದುಕೊಂಡಳು. ಹಾಗೆ ಮಾಡಿದ್ದಕ್ಕೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ.

ಅವತ್ತೇ ಸಂಜೆ ಊರಿಗೆ ಹೋದಳು. ಮಾರನೆಯ ಬೆಳಿಗ್ಗೆ ಅವ್ವನ ಜೊತೆ ಹೊಂಗೆಮರದ ಕೆಳಗೆ ಬಂದವಳು ತಲೆ ಎಣಿಸಲು ಹೋಗಿ ಲೆಕ್ಕ ತಪ್ಪಿದಳು. ಮಂಜಿನಲ್ಲಿ ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿ, ಕೊರಳಿಗೆ ಫ್ಯಾಕ್ಟರಿಯ ಕಾರ್ಡು ನೇತುಹಾಕಿಕೊಂಡು ಜಾತ್ರೆಗೆ ಹೊರಟಷ್ಟು ಹೆಂಗಸರು ನಿಂತಿದ್ದರು. ಆ ಮರದ ಕೆಳಗಿನ ಕಲ್ಲುಬೆಂಚು ಹಾಕಿಸಿದವನು ಅವಳ ಅಪ್ಪ ಚಲುವಯ್ಯ. ಬಸ್ಸು ಒಳಕ್ಕೆ ಬರಲಿ ಎಂದು ಅವನೂ ಊರಿನವರೂ ದೊಡ್ಡ ರಸ್ತೆಯಲ್ಲಿ ಕೂತು ಬಸ್ಸು ತಡೆದಾಗ ಶಾಂತಿ ಇನ್ನೂ ಪ್ರೈಮರಿ ಸ್ಕೂಲು. ಅಪ್ಪ ಈಗಿಲ್ಲ.

"ಬಂದ್ಯಾ ಮಗ! ಆಪೀಸರ್ಗೆ ಯೋಳ್ದ್ಯಾ?" ದೊಡ್ಡತಾಯಮ್ಮ ಅವಳ ಗಲ್ಲ ಹಿಡಿದು ಕೇಳಿದಳು. ದೊಡ್ಡತಾಯಮ್ಮ ಪಕ್ಕದ ಮನೆಯವಳು, ಶಾಂತಿಯನ್ನು ಎತ್ತಿ ಆಡಿಸಿದವಳು.

"ಯೋಳ್ತೀನಿ ದೊಡ್ಡವ್ವ."

ಬಸ್ಸು ಬಂತು. ಕಂಡಕ್ಟರ್ ಪುಟ್ಟರಾಜು ಮಷೀನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಒಳಕ್ಕೆ ಓಗ್ರವ್ವೋ, ಇಂದ್ಗಡೆ ಜಾಗ ಅದೆ" ಎಂದು ಕೂಗುತ್ತ ಎಲ್ಲರನ್ನೂ ತುಂಬಿ ಸೀಟಿ ಊದಿದ. ಶಾಂತಿ ಕಂಬಿ ಹಿಡಿದು ಅವನ ಕೈಯನ್ನೇ ನೋಡುತ್ತ ನಿಂತಳು. ಅರಕಲಗೂಡಿನಿಂದ ಬಂದಿದ್ದ ಗಂಡಸೊಬ್ಬನಿಗೆ ಚಿಲ್ಲರೆ ಕೊಟ್ಟ. ಡ್ರೈವರನ ಜೊತೆ ಏನೋ ಮಾತಾಡಿದ. ಕಂಕುಳಿನ ಮಷೀನು ಕಂಕುಳಿನಲ್ಲೇ ಇತ್ತು. ಕಟ್ಟಾಯ ಬಂತು, ಅಲ್ಲಿ ಇನ್ನಷ್ಟು ಜನ ಹತ್ತಿದರು. ಅವನು ಮಷೀನಿನಲ್ಲಿ ಸ್ಟಾಪು ಬದಲಾಯಿಸಿಕೊಂಡು ಆಗ ಶುರು ಮಾಡಿದ ನೋಡಿ, ಟರ್ರ್ ಟರ್ರ್ ಎಂದು ಸಿದ್ಧಾರ್ಥ ನಗರದ ಹೆಂಗಸರಿಗೂ ಕಟ್ಟಾಯದ ಹೆಂಗಸರಿಗೂ ಸೇರಿಸಿ ಹರಿದದ್ದೇ ಹರಿದದ್ದು. ಹಿಂದಿನ ಸಾಲಿಗೆ ಕೈಯಿಂದ ಕೈಗೆ ದಾಟಿಸಿದರು.

"ಅಣ್ಣ, ಇವ್ರು ಹತ್ತಿದ್ದು ಹಿಂದಿನ ಸ್ಟಾಪಲ್ಲಿ ಅಲ್ವಾ?" ಶಾಂತಿ ಕೇಳಿದಳು.

"ಹೂಂ ಕಣಮ್ಮ. ಅಲ್ಲಿಂದ ಇಲ್ಗೆ ಬರದ್ರೊಳ್ಗೆ ಇಷ್ಟ್ ಜನಕ್ಕೂ ಅರಿಯಕಾಯ್ತದಾ? ಅದ್ಕೇ ಕಟ್ಟಾಯದಲ್ಲಿ ಎಲ್ರುಗೂ ಒಂದೇ ಸಲ ಕೊಟ್ಬುಡ್ತೀನಿ. ಸಂಜೆ ಬರುವಾಗ್ಲೂ ಕಟ್ಟಾಯಕ್ಕೇ ಅರಿಯದು. ದುಡ್ಡಿಲ್ದಿರೋ ಟಿಕೀಟು, ಎಲ್ಲಿಂದ ಅರುದ್ರೇನು? ಅವ್ರ್ದೇನ್ ಓಯ್ತದೆ, ನಂದೇನ್ ಓಯ್ತದೆ?"

ಅವನು ಹೇಳಿದ್ದರಲ್ಲಿ ಯಾವ ಕುಹಕವೂ ಇರಲಿಲ್ಲ. ದುಡ್ಡು ಕೊಡುವ ಗಂಡಸಿಗೆ ಸ್ಟಾಪು ತಪ್ಪಿದರೆ ಜಗಳವಾಗುತ್ತದೆ, ಪುಕ್ಕಟೆ ಟಿಕೆಟ್ಟಿಗೆ ಯಾರು ಜಗಳವಾಡುತ್ತಾರೆ? ಈ ಊರಿನ ಗಂಡಸರು ಹೇಗೂ ಬೈಕಿನಲ್ಲಿ ಹೋಗುವವರು. ಹಾಗಾಗಿ ಊರಿಗೆ ಊರೇ ಮಷೀನಿನಲ್ಲಿ ಕಟ್ಟಾಯದ್ದಾಗಿತ್ತು. ಅದನ್ನು ನಂಬಿ ಶಾಂತಿ ಹಾಳೆಗಟ್ಟಲೆ ಪ್ರಮೇಯ ಬರೆದಿದ್ದಳು, ಹೊರದೇಶದವರು ಭೇಷ್ ಎಂದಿದ್ದರು. ಅವಳಿಗೆ ಭಯವಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಆದದ್ದು ಭಯ. ಎದುರು ಸೀಟಿನಲ್ಲಿ ಅವ್ವ, ಪಕ್ಕದವಳಿಗೆ ಮಗಳನ್ನು ತೋರಿಸಿ ಏನೋ ಹೇಳಿ ನಗುತ್ತಿದ್ದಳು.

ಬಸ್ಸು ಇಳಿದವಳೇ ಗೈಡ್ ಮನೆಗೆ ಓಡಿದಳು. ಚಂದ್ರಶೇಖರಯ್ಯನವರು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಪ್ಪು ಲೆಕ್ಕದಲ್ಲಿಲ್ಲಮ್ಮ, ಡೇಟಾದಲ್ಲಿದೆ."

"ಆ ಡೇಟಾ ನಂಬಿದ್ದು ನಾನೇ ಅಲ್ವಾ ಸರ್?"

ಅವರು ಎದ್ದು ಚಪ್ಪಲಿ ಹುಡುಕಿದರು. ಇಬ್ಬರೂ ಡಿಪೋಗೆ ಹೋದರು. ವೇಳಾಪಟ್ಟಿ ನೋಡಿಕೊಳ್ಳುತ್ತಿದ್ದ ಅಧಿಕಾರಿ ಕುಮಾರ್ ಒಳ್ಳೆಯ ಮನುಷ್ಯ, ಕೂರಿಸಿ ಕಾಫಿ ತರಿಸಿದ. ಶಾಂತಿ ಕಂಡದ್ದನ್ನೆಲ್ಲ ಹೇಳಿದಳು.

"ಎಷ್ಟು ಸಲ ನೋಡಿದ್ರಿ?"

"ಒಂದು ಸಲ. ಇವತ್ತು ಬೆಳಿಗ್ಗೆ."

"ಮೇಡಂ, ಬಸ್ ತೆಗೀತೀವಿ ಅಂದ ತಕ್ಷಣ ಪ್ರತಿ ಊರಿನವರೂ ನಮ್ಮಲ್ಲಿ ಜನ ಹತ್ತುತಾರೆ ಅಂತಾನೇ ಬರ್ತಾರೆ. ಆ ಬಸ್ಸು ಆಗಲೇ ದಂಡಿಗನಹಳ್ಳಿ ಮಕ್ಕಳಿಗೆ ಕೊಟ್ಟಾಯ್ತು." ಕುಮಾರ್ ಅವಳ ಮುಖ ನೋಡಿದ. "ಅಂದ ಹಾಗೆ ಅದು ನಿಮ್ಮೂರಾ?"

ಅವನು ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಇವಳ ಗಂಟಲಿನ ಮುಳ್ಳು ಮಾತ್ರ ಚುಚ್ಚಿತು. ಗೈಡು ಪಕ್ಕದಲ್ಲೇ ಕೂತಿದ್ದರು.

"ಅಲ್ಲ ಸರ್. ನಮ್ಮದು ಕಟ್ಟಾಯ."

"ಮತ್ತಿನ್ನೇನು? ಒಂದು ತಿಂಗಳು ಓಡಲಿ. ಮಷೀನು ಏನು ಹೇಳುತ್ತೋ ನೋಡಿ ಬದಲಾಯಿಸೋಣ." ಅವನು ಎದ್ದು ನಿಂತ. ಕಾಫಿ ಮುಗಿದಿತ್ತು.

ಭಾನುವಾರ ಹೇಗೆ ಕಳೆಯಿತೋ ಅವಳಿಗೇ ತಿಳಿಯದು. ಹಾಸ್ಟೆಲಿನ ಊಟ ರುಚಿಸಲಿಲ್ಲ, ಪುಸ್ತಕ ಹಿಡಿಸಲಿಲ್ಲ. ಮಧ್ಯಾಹ್ನ ಬಿಸಿಲಲ್ಲೇ ಮಹಾರಾಜ ಪಾರ್ಕಿಗೆ ಹೋಗಿ ಬೆಂಚಿನಿಂದ ಬೆಂಚಿಗೆ ಬದಲಾಯಿಸಿ ಕೂತಳು, ಕೊನೆಗೆ ಯಾವ ಬೆಂಚೂ ಬೇಡವೆನಿಸಿ ಎದ್ದಳು. ಕಟ್ಟಾಯ ಎಂದದ್ದು ಎಷ್ಟು ಸಲೀಸಾಗಿ ಬಂತು ಬಾಯಿಗೆ! ಇಷ್ಟು ದಿನ ಆ ಮಾತಿನಿಂದ ಯಾರ ಗಂಟೂ ಹೋಗಿರಲಿಲ್ಲ. ಸಂಜೆ ಮತ್ತೆ ಊರಿನ ಬಸ್ಸು ಹಿಡಿದಳು.

ಸೋಮವಾರ ಹೊಂಗೆಮರದ ಕೆಳಗೆ ಎಲ್ಲರೂ ಎಂದಿನ ಹಾಗೇ ಬಂದು ನಿಂತರು. ಬಸ್ಸಿಲ್ಲ ಎಂದು ಗೊತ್ತಿದ್ದರೂ ಬಂದಿದ್ದರು, ಸಾಂತಿ ಹೇಳಿರುತ್ತಾಳೆ ಎಂಬ ಧೈರ್ಯ. ಮಂಜಿನಲ್ಲಿ ಯಾವುದೋ ಹಾಲಿನ ಗಾಡಿಯ ಸದ್ದು ಕೇಳಿದರೂ ಕತ್ತು ಹೊರಳಿಸುತ್ತಿದ್ದರು. ಕಾದು ಕಾದು ದೊಡ್ಡತಾಯಮ್ಮನೇ, "ನಡೀರ್ರೇ, ಕಾಲಿಲ್ವಾ ನಮ್ಗೆ?" ಎಂದು ಸೆರಗು ಸಿಕ್ಕಿಸಿ ಹೊರಟಳು. ಉಳಿದವರೂ ಹೊರಟರು. ಹೊಲದ ಬದಿಯ ದಾರಿಯಲ್ಲಿ ಸಾಲಾಗಿ ನಡೆದರು. ಮೊಣಕಾಲು ನೋವಿನ ಅವ್ವ ಹಿಂದೆ ಬಿದ್ದಳು, ಶಾಂತಿ ಅವಳ ಟಿಫನ್ ಬಾಕ್ಸು ಹಿಡಿದುಕೊಂಡು ಪಕ್ಕದಲ್ಲೇ ನಡೆದಳು. ಹೇಳಬೇಕು ಎಂದುಕೊಂಡಳು. ಹುಣಸೆಮರ ದಾಟಿದ ಮೇಲೆ ಹೇಳುತ್ತೇನೆ, ಕಾಲುವೆ ದಾಟಿದ ಮೇಲೆ ಹೇಳುತ್ತೇನೆ ಎನ್ನುತ್ತ ಕಟ್ಟಾಯವೇ ಬಂದುಬಿಟ್ಟಿತು.

ಕಟ್ಟಾಯದಲ್ಲಿ ಬೆಳಗಿನ ಬಸ್ಸು ಹೋಗಿಯಾಗಿತ್ತು, ಹೊಸ ಪಟ್ಟಿಯಲ್ಲಿ ಪುಟ್ಟರಾಜುವನ್ನು ಹಾಕಿದ್ದ ಅದರ ಹಿಂದಿನ ಬಸ್ಸು ಸಿಕ್ಕಿತು. ಪುಟ್ಟರಾಜು ಇವರನ್ನು ನೋಡಿ, "ನಡ್ಕಂಡೇ ಬಂದ್ರಾ?" ಎಂದು ಲೊಚಗುಟ್ಟಿದ. ಟರ್ರ್ ಟರ್ರ್ ಎಂದು ಮಷೀನು ಹರಿಯಿತು. ಅವ್ವನ ಕೈಗೆ ಬಂದ ಟಿಕೆಟ್ಟಿನಲ್ಲಿ ಕಟ್ಟಾಯದಿಂದ ಹಾಸನ ಎಂದಿತ್ತು. ಶಾಂತಿ ಅದನ್ನೇ ನೋಡಿದಳು. ಮೊನ್ನೆಯವರೆಗೆ ಅದು ಸುಳ್ಳಾಗಿತ್ತು, ಇವತ್ತು ನಿಜವಾಗಿತ್ತು. ಇವತ್ತಿನಿಂದ ಇವರೆಲ್ಲ ಹತ್ತುವುದು ಕಟ್ಟಾಯದಲ್ಲೇ. ತಿಂಗಳು ಬಿಟ್ಟು ಮಷೀನು ತೆರೆದರೆ ಒಂದು ಅಂಕಿಯೂ ಆಚೀಚೆ ಆಗಿರುವುದಿಲ್ಲ, ಶಾಂತಿಯವರ ಪೇಪರು ನೂರಕ್ಕೆ ನೂರು ಸರಿ ಎಂದು ಎಲ್ಲರೂ ಕೈಕುಲುಕುತ್ತಾರೆ. ಅವಳು ಅವ್ವನ ಕಡೆ ಬಾಗಿದಳು.

"ಅವ್ವ, ಬಸ್ ನಿಲ್ಸಿದ್ದು ಆಪೀಸರ್ರಲ್ಲ. ನಾನು."

ಮಾರಮ್ಮನಿಗೆ ಅರ್ಥವಾಗಲಿಲ್ಲ. ಶಾಂತಿ ಹೇಳಿದಳು. ಪೇಪರಿನ ವಿಷಯ, ಮಷೀನಿನ ವಿಷಯ, ಎಲ್ಲ ಊರಿಗೂ ಹೋಗಿ ಎಣಿಸಿ ಇಲ್ಲಿಗೆ ಮಾತ್ರ ಬರದೆ ಬಿಟ್ಟದ್ದು, ಡಿಪೋದಲ್ಲಿ ಕಟ್ಟಾಯ ಎಂದದ್ದು, ಒಂದನ್ನೂ ಬಿಡದೆ. ಸುತ್ತಲಿನ ಹೆಂಗಸರೂ ಕೇಳಿಸಿಕೊಂಡರು. ದೊಡ್ಡತಾಯಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ದಂಡಿಗನಳ್ಳಿಗೂ ಓಗಿ ಬಿಸ್ಲಲ್ಲಿ ನಿಂತ್ಕಂಡೆ," ಎಂದಳು ಟಿಕೆಟ್ಟು ಮಡಚುತ್ತ. "ನಮ್ಮೂರ್ಗೆ ಬಂದು ನಿಂತ್ಕಳಕ್ಕೆ ನಾಚ್ಕೆ ಆಯ್ತಾ ಮಗ?"

ಶಾಂತಿ ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅಲ್ಲ, ಅಳು ತಡೆಯುವುದಕ್ಕೆ. ತಡೆಯಲಾಗಲಿಲ್ಲ, ಕಂಬಿ ಹಿಡಿದುಕೊಂಡೇ ಎಲ್ಲರೆದುರು ಅತ್ತಳು.

ಫ್ಯಾಕ್ಟರಿಯ ಗೇಟು ಮುಚ್ಚಿತ್ತು. ಹೊತ್ತು ಮೀರಿದರೆ ಅವತ್ತಿನ ಕೆಲಸ ಇಲ್ಲ. ಗೇಟಿನ ಮುಂದೆ ಎಲ್ಲರೂ ನಿಂತು ಮುಖ ಮುಖ ನೋಡಿಕೊಂಡಾಗ ಶಾಂತಿ ಕಣ್ಣೊರೆಸಿಕೊಂಡು, "ಬನ್ನಿ, ಡಿಪೋಗೆ ಓಗಣ" ಎಂದಳು. ಯಾರೂ ಕದಲಲಿಲ್ಲ. ದೊಡ್ಡತಾಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೋಗಿ ಯಾವೂರೋರು ಅಂತ ಯೋಳ್ತೀಯೇ?"

"ನಮ್ಮೂರ್ನೋರು ಅಂತ ಯೋಳ್ತೀನಿ ದೊಡ್ಡವ್ವ."

ಕುಮಾರನ ಕೋಣೆ ತುಂಬಿ ಹೊರಗಿನ ಜಗುಲಿಯೂ ತುಂಬಿತು. ಅವನು ಗಾಬರಿಯಾಗಿ ಎದ್ದ. "ಇವರೆಲ್ಲ ಯಾರು ಮೇಡಂ?"

"ಸಿದ್ಧಾರ್ಥ ನಗರದವರು ಸರ್. ನಾನೂ ಅಲ್ಲಿಯವಳೇ, ಇವರು ನಮ್ಮವ್ವ. ಮೊನ್ನೆ ಕಟ್ಟಾಯ ಅಂದಿದ್ದು ಸುಳ್ಳು." ಶಾಂತಿ ಕೂರಲಿಲ್ಲ, ನಿಂತೇ ಹೇಳಿದಳು. "ಇವತ್ತು ಇವರೆಲ್ಲ ನಡೆದುಬಂದು ಕಟ್ಟಾಯದಲ್ಲಿ ಹತ್ತಿದಾರೆ. ತಿಂಗಳಾದ ಮೇಲೆ ಮಷೀನು ನೋಡಿದ್ರೆ ನನ್ನ ಪೇಪರು ಸರಿ ಅಂತಾನೇ ಹೇಳುತ್ತೆ. ಬಸ್ಸು ಹೋಗದ ಊರಲ್ಲಿ ಹತ್ತುವವರನ್ನ ಎಣಿಸೋದು ಹೇಗೆ ಸರ್?"

ಕುಮಾರ್ ಬಾಗಿಲಾಚೆಯ ತಲೆಗಳನ್ನೂ ನೋಡಿದ. "ಪೇಪರು ತಪ್ಪು ಅಂತ ಬರೆದುಕೊಡಬೇಕಾಗುತ್ತೆ. ನಿಮ್ಮ ಪಿಎಚ್‌ಡಿ?"

"ಬರೆದುಕೊಡ್ತೀನಿ. ಡೇಟಾ ಸರಿಮಾಡಿ ಇನ್ನೊಂದು ಸಲ ಲೆಕ್ಕ ಹಾಕ್ತೀನಿ. ದಂಡಿಗನಹಳ್ಳಿ ಮಕ್ಕಳಿಗೆ ಬೇರೆ ದಾರಿ ಹುಡುಕೋ ಕೆಲಸವೂ ನಂದೇ."

ಅವನು ಫೋನು ಎತ್ತಿಕೊಂಡ. ಒಂದು ವಾರ, ಒಂದೇ ವಾರ ಬಸ್ಸು ಒಳಕ್ಕೆ ಬರಲಿ ಎಂದ. ಯಾರು ಯಾವ ಸ್ಟಾಪಿನಲ್ಲಿ ಹತ್ತಿದರೋ ಅಲ್ಲಿಂದಲೇ ಟಿಕೆಟ್ಟು ಹರಿಯಬೇಕು, ಆಮೇಲೆ ನೋಡೋಣ.

ಮಂಗಳವಾರ ಬಸ್ಸು ಒಳಕ್ಕೆ ಬಂತು. ಪುಟ್ಟರಾಜು ಎಲ್ಲರನ್ನೂ ಹತ್ತಿಸಿಕೊಂಡು ಸೀಟಿ ಊದಲು ಹೋದ, ದೊಡ್ಡತಾಯಮ್ಮ ಬಾಗಿಲಲ್ಲೇ ಅಡ್ಡ ನಿಂತಳು.

"ಮದ್ಲು ಟಿಕೀಟ್ ಕೊಡಪ್ಪ. ಆಮೇಕೆ ಗಾಡಿ ಬುಡು."

"ಲೇಟಾಯ್ತದೆ ಕಣಕ್ಕೋ!"

"ಆಗ್ಲಿ ಬುಡು. ಎಲ್ಲಿಂದ ಅಂತ ಕೇಳು."

ಅವನು ಗೊಣಗುತ್ತ ಮಷೀನು ಹಿಡಿದ. "ಎಲ್ಲಿಂದಕ್ಕ?"

"ಸಿದ್ಧಾರ್ಥ ನಗರ," ಎಂದಳು ದೊಡ್ಡತಾಯಮ್ಮ, ಹಿಂದಿನ ಸೀಟಿಗೂ ಕೇಳುವ ಹಾಗೆ. ಅವಳ ಹಿಂದಿನವಳೂ ಅದನ್ನೇ ಅಂದಳು. ಅವಳ ಹಿಂದಿನವಳೂ. ಡ್ರೈವರು ಇಂಜಿನ್ ಆಫ್ ಮಾಡಿ ಬೀಡಿ ಹುಡುಕಿದ. ಅರಕಲಗೂಡಿನಿಂದ ಬಂದವರು ಲೊಚಲೊಚ ಎಂದರೂ ಯಾರೂ ತಿರುಗಿ ನೋಡಲಿಲ್ಲ. ಮಾರಮ್ಮ ತನ್ನ ಸರದಿ ಬಂದಾಗ ಕೊರಳ ಕಾರ್ಡು ಸರಿಮಾಡಿಕೊಂಡು ಹೇಳಿದಳು, ಗಂಡ ರಸ್ತೆಯಲ್ಲಿ ಕೂತು ತಂದ ಬಸ್ಸಿನಲ್ಲಿ ನಿಂತು. ಹೇಳಿ ಮಗಳ ಕಡೆ ನೋಡಿದಳು.

ಕೊನೆಗೆ ಶಾಂತಿ ಉಳಿದಳು. ಪ್ಯಾಂಟು, ಹೆಗಲಿಗೆ ಲ್ಯಾಪ್‌ಟಾಪಿನ ಬ್ಯಾಗು. ಪುಟ್ಟರಾಜುವಿಗೆ ಅನುಮಾನವಾಯಿತು.

"ನಿಮ್ದೆಲ್ಲಿಂದ ಮೇಡಂ? ಕಟ್ಟಾಯದಿಂದ ಕೊಡ್ಲಾ?"

"ಇಲ್ಲಿಂದ್ಲೇ ಕೊಡಣ್ಣ," ಎಂದಳು ಶಾಂತಿ. "ಇದೇ ನಮ್ಮೂರು."